ವಿಲಾಯಿತಿಯು ಬ್ಲೈಟಿ ಆದ ಕತೆ

ಬ್ರಿಟಿಷರು ತಮ್ಮ ದೇಶವನ್ನು ಅಕ್ಕರೆಯಿಂದ ಕರೆಯುವ ಅಡ್ಡಹೆಸರೊಂದಿದೆ: ಬ್ಲೈಟಿ. ಕೇಳಿದರೆ ಲಂಡನ್ನಿನ ಯಾವುದೋ ಗಲ್ಲಿಯಲ್ಲಿ ಹುಟ್ಟಿದ ಮಾತಿನಂತಿದೆ. ಆದರೆ ಅದರ ಮೂಲ ನಮಗೆಲ್ಲ ಗೊತ್ತಿರುವ 'ವಿಲಾಯಿತಿ'!

ಅರಬ್ಬಿಯಲ್ಲಿ 'ವಿಲಾಯತ್' ಅಂದರೆ ಆಳ್ವಿಕೆಗೆ ಒಳಪಟ್ಟ ಪ್ರಾಂತ್ಯ. ಪಾರ್ಸಿಯ ಮೂಲಕ ಹಿಂದೂಸ್ತಾನಿಗೆ ಬಂದ ಮೇಲೆ ಅದಕ್ಕೆ 'ಪರದೇಶ' ಎಂಬ ಅರ್ಥ ಬಂತು, ಕಂಪನಿ ಆಳ್ವಿಕೆಯಲ್ಲಿ ಆ ಪರದೇಶ ಇಂಗ್ಲೆಂಡೇ ಆಯಿತು. ಜನರ ಬಾಯಲ್ಲಿ ಅದು 'ಬಿಲಾಯತಿ'. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಸೋಡಾ 'ಬಿಲಾಯತಿ ಪಾನಿ', ಟೊಮೆಟೊ 'ಬಿಲಾಯತಿ ಬೈಂಗನ್'. ನಮ್ಮ 'ಸೀಮೆ' ಕೂಡ ಇದೇ ದಾರಿ ಹಿಡಿದಿದೆ ನೋಡಿ. ಪ್ರಾಂತ್ಯ, ಎಲ್ಲೆ ಎನ್ನುವ ಪದವೇ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳಲ್ಲಿ 'ಹೊರಗಿನದು' ಅಂತಾಗಿದೆ.

ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಈ ಮಾತನ್ನು ಕಲಿತು, ತಿರುಚಿ, 'ಬ್ಲೈಟಿ' ಮಾಡಿಕೊಂಡರು. ನನಗೆ ಇದರಲ್ಲಿ ಮಜಾ ಅನ್ನಿಸುವುದು ಏನಂದ್ರೆ, ನಾವು 'ಪರದೇಶ' ಅಂದದ್ದನ್ನೇ ಅವರು 'ನಮ್ಮನೆ' ಅಂತ ಬಳಸಿದರು.

ಮೊದಲ ಮಹಾಯುದ್ಧದಲ್ಲಿ ಆ ಮಾತು ಇಡೀ ಸೈನ್ಯಕ್ಕೆ ಹಬ್ಬಿತು. ಫ್ರಾನ್ಸಿನ ಕಂದಕಗಳ ಕೆಸರಿನಲ್ಲಿದ್ದವನಿಗೆ ಬ್ಲೈಟಿ ಅಂದರೆ ಬಿಸಿನೀರು, ಒಣಗಿದ ಹಾಸಿಗೆ, ಹೆಂಡತಿ ಮಕ್ಕಳು. 1916ರಲ್ಲಿ ಬ್ಲೈಟಿಯ ಮೇಲೆ ಬಂದ ಹಾಡು ಎಲ್ಲರ ಬಾಯಲ್ಲೂ ಇತ್ತು. ಆಮೇಲೆ ಗಾಯಕ್ಕೂ ಅದೇ ಹೆಸರು ಬಿತ್ತು. ಜೀವಕ್ಕೆ ಅಪಾಯವಿಲ್ಲದ, ಆದರೆ ಊರಿಗೆ ಕಳುಹಿಸಲೇಬೇಕಾದಷ್ಟು ದೊಡ್ಡ ಗಾಯ 'ಬ್ಲೈಟಿ ಗಾಯ'. ಅಂಥದ್ದು ಬಿದ್ದವನನ್ನು ಕಂಡು ಜೊತೆಗಾರರು ಹೊಟ್ಟೆಕಿಚ್ಚು ಪಡುತ್ತಿದ್ದರು. ತಾವೇ ಕೈಕಾಲಿಗೆ ಗುಂಡು ಹೊಡೆದುಕೊಂಡು ಸಿಕ್ಕಿಬಿದ್ದವರಿಗೆ ಜೈಲು.

ಅದೇ ಕಂದಕಗಳಲ್ಲಿ 1914–15ರಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಅವರಿಗೂ ಗುಂಡು ತಗುಲಿತು, ಎಷ್ಟೋ ಮಂದಿಯನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಒಯ್ದರು. ಬ್ರೈಟನ್ನಿನ ರಾಜಮಹಲೇ ಅವರಿಗೆ ಆಸ್ಪತ್ರೆಯಾಯಿತು. ಆದರೆ ಅದು ಅವರ ಪಾಲಿಗೆ ಬ್ಲೈಟಿಯಲ್ಲ, ಬರೀ ವಿಲಾಯತಿ. ಗಾಯ ವಾಸಿಯಾದ ಮೇಲೆ ಮತ್ತೆ ಯುದ್ಧಕ್ಕೇ ಅಟ್ಟುತ್ತಾರೆ ಎಂಬ ಸಂಕಟ ಅವರು ಊರಿಗೆ ಬರೆದ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸೆನ್ಸಾರಿನವರು ಅವನ್ನು ಅನುವಾದಿಸಿ ಇಟ್ಟಿದ್ದರಿಂದ ಇವತ್ತು ನಾವು ಓದಬಹುದು. ಗುಣವಾದ ಇಂಗ್ಲಿಷ್ ಸಿಪಾಯಿಯೂ ವಾಪಸ್ ಹೋಗಬೇಕಿತ್ತು, ನಿಜ. ಆದರೆ ನಡುವೆ ಮನೆಯವರ ಮುಖ ನೋಡುವ ಅವಕಾಶವಾದರೂ ಅವನಿಗಿತ್ತು.

ಬ್ರೈಟನ್ ಆಚೆಯ ಗುಡ್ಡದಲ್ಲಿ 53 ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಸುಟ್ಟ ಜಾಗದಲ್ಲಿ ಬಿಳಿ ಅಮೃತಶಿಲೆಯ ಛತ್ರಿಯೊಂದಿದೆ, 1921ರಲ್ಲಿ ಅನಾವರಣಗೊಂಡದ್ದು. ಇಂಗ್ಲಿಷರಿಗೆ 'ಮನೆ' ಅನ್ನಲು ಮುದ್ದಾದ ಮಾತೊಂದು ಸಿಕ್ಕಿದ್ದು ಇವರ ಭಾಷೆಯಿಂದ. ಇವರು ಮಾತ್ರ ಮನೆಗೆ ಮರಳಲಿಲ್ಲ.