ದೀಕ್ಷಾಸ್ನಾನದ ನಂತರದ ಪಾಪ: ಮೂರನೆಯ ಶತಮಾನದ ವಿವಾದವೊಂದರ ಅವಲೋಕನ

ರಕ್ಷಣೆ ಹೊಂದಿದ ನಿಜಕ್ರೈಸ್ತನು ಮತ್ತೆ ಪಾಪಮಾಡಬಲ್ಲನೇ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಸತ್ಯವೇದದ ವಚನಗಳನ್ನು ಎದುರುಬದುರಾಗಿ ನಿಲ್ಲಿಸಿ ಚರ್ಚಿಸುತ್ತೇವೆ. ಯೋಹಾನನ ಮೊದಲನೆಯ ಪತ್ರಿಕೆಯ ಆರಂಭದಲ್ಲಿ ತಾನು ಪಾಪರಹಿತನೆಂದುಕೊಳ್ಳುವ ವಿಶ್ವಾಸಿಗೆ ಎಚ್ಚರಿಕೆಯಿದೆ. ಅದೇ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ದೇವರಿಂದ ಹುಟ್ಟಿದವನಿಗೂ ಪಾಪಕ್ಕೂ ಸಂಬಂಧವಿರಲಾರದೆಂಬ ಬೋಧನೆಯಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವಂತೂ, ಬೆಳಕನ್ನು ಕಂಡು ಹಿಂದೆ ಸರಿದವರ ಪುನರುಜ್ಜೀವನದ ಬಗ್ಗೆ ಭಯಹುಟ್ಟಿಸುವ ಮಾತನ್ನಾಡುತ್ತದೆ. ಆದರೆ ಸಭೆಯ ಚರಿತ್ರೆಯಲ್ಲಿ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಕೇಳಿಬಂದದ್ದು ವಿದ್ವಾಂಸರ ವಾದದಲ್ಲಲ್ಲ. ಸಭೆಯ ಬಾಗಿಲಲ್ಲಿ ಅಳುತ್ತ ನಿಂತ ಜನರ ನಡುವೆ. ಆ ಸಂದರ್ಭವನ್ನು ನಾವು ಇಲ್ಲಿ ಅವಲೋಕಿಸೋಣ.

ಎರಡನೆಯ ಶತಮಾನದಲ್ಲಿಯೇ ಈ ಚಿಂತೆ ಆರಂಭವಾಗಿತ್ತು. ದೀಕ್ಷಾಸ್ನಾನವು ಹಿಂದಿನ ಸಕಲ ಪಾಪಗಳನ್ನೂ ತೊಳೆಯುತ್ತದೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಅದರ ನಂತರದ ಪಾಪಕ್ಕೆ ಪರಿಹಾರವೇನು? ರೋಮ್ ನಗರದಲ್ಲಿ ರಚಿತವಾದ 'ಹೆರ್ಮಾಸನ ಕುರುಬ' ಎಂಬ ಗ್ರಂಥವು ಇನ್ನೊಂದು ಅವಕಾಶವುಂಟು, ಆದರೆ ಒಂದು ಮಾತ್ರ ಎಂದು ಬೋಧಿಸಿತು. ಕಾರ್ಥೇಜಿನ ತೆರ್ತುಲಿಯನನು ಪಶ್ಚಾತ್ತಾಪವನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ನಿಲುವನ್ನು ತಾಳಿ, ಹಡಗು ಒಡೆದವನು ಹಲಗೆಯನ್ನು ಹಿಡಿದು ದಡ ಸೇರುವಂತೆ ಪಾಪಿಯು ಈ ಎರಡನೆಯ ಪಶ್ಚಾತ್ತಾಪವನ್ನು ಹಿಡಿಯಲಿ ಎಂದನು. ಮುಂದೆ ಮೊಂಟಾನಸನ ಪಂಥದ ಪ್ರಭಾವಕ್ಕೆ ಒಳಗಾದ ಮೇಲೆ ಅವನೇ ಆ ಹಲಗೆಯನ್ನೂ ಕಸಿದುಕೊಂಡನು: ವ್ಯಭಿಚಾರದಂಥ ಘೋರ ಪಾಪಗಳನ್ನು ಸಭೆ ಕ್ಷಮಿಸಬಾರದೆಂದು ವಾದಿಸಿದನು.

ಇದು ಕೆಲವರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಾಗಿ ಉಳಿಯಲಿಲ್ಲ. ಕ್ರಿ.ಶ. 249ರ ಕೊನೆಯಲ್ಲಿ ಚಕ್ರವರ್ತಿ ದೇಸಿಯಸನು ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಹೊರಡಿಸಿದನು. ಅರ್ಪಿಸಿದವರಿಗೆ ಅಧಿಕಾರಿಗಳಿಂದ ಪ್ರಮಾಣಪತ್ರ ದೊರೆಯುತ್ತಿತ್ತು. ಇಂಥ 40ಕ್ಕೂ ಹೆಚ್ಚು ಪತ್ರಗಳು ಐಗುಪ್ತದ ಮರಳಿನಲ್ಲಿ ಉಳಿದು ನಮ್ಮ ಕಾಲಕ್ಕೆ ದೊರೆತಿವೆ. ರೋಮಿನ ಸಭಾಧ್ಯಕ್ಷ ಫೇಬಿಯನನು 250ರ ಜನವರಿಯಲ್ಲಿ ರಕ್ತಸಾಕ್ಷಿಯಾದನು. ಅನೇಕರು ಸೆರೆಮನೆ ಸೇರಿದರು. ಆದರೆ ದೊಡ್ಡ ಸಂಖ್ಯೆಯ ವಿಶ್ವಾಸಿಗಳು ಬಿದ್ದರು. ಕೆಲವರು ಕರೆಯುವ ಮೊದಲೇ ಬಲಿಪೀಠಕ್ಕೆ ಓಡಿದರು, ಕೆಲವರು ಹಿಂಸೆ ತಾಳಲಾರದೆ ಮಣಿದರು. ಇನ್ನು ಕೆಲವರು ಬಲಿಯರ್ಪಿಸದೆಯೇ ಹಣ ಕೊಟ್ಟು ಪತ್ರವನ್ನು ಮಾತ್ರ ಪಡೆದುಕೊಂಡರು. ಹಿಂಸೆಯ ಬಿಸಿ ತಗ್ಗಿದಾಗ ಇವರಲ್ಲಿ ಬಹುಮಂದಿ ಮತ್ತೆ ಕರ್ತನ ಭೋಜನದಲ್ಲಿ ಪಾಲು ಬೇಡಿದರು.

ಇಲ್ಲಿ ಒಂದು ಸುಲಭವಾದ ಉತ್ತರ ಸಭೆಯ ಕೈಯಲ್ಲಿತ್ತು: ಇವರು ಎಂದೂ ನಿಜಕ್ರೈಸ್ತರಾಗಿರಲಿಲ್ಲವೆಂದು ಹೇಳಿಬಿಡಬಹುದಾಗಿತ್ತು. ನಮ್ಮ ದಿನಗಳಲ್ಲಿಯೂ ಇದು ಆಗಾಗ ಕೇಳಿಬರುವ ಮಾತು. ಆದರೆ ಸಭೆ ನಡೆದುಕೊಂಡ ರೀತಿ ಬೇರೆ. ಬಿದ್ದವರಲ್ಲಿ ಯಾರಿಗೂ ಸಭೆಯು ಎರಡನೆಯ ಸಲ ದೀಕ್ಷಾಸ್ನಾನ ಕೊಡಲಿಲ್ಲ. ಪಾಷಂಡಿಗಳು ಕೊಟ್ಟ ಸ್ನಾನವನ್ನು ಒಪ್ಪದ ಕಾರ್ಥೇಜಿನ ಸಭಾಧ್ಯಕ್ಷ ಸಿಪ್ರಿಯನನು ಕೂಡ, ಸಭೆಯಲ್ಲಿ ಸ್ನಾನಹೊಂದಿ ದಾರಿತಪ್ಪಿ ಹಿಂತಿರುಗಿದವರಿಗೆ ಪಶ್ಚಾತ್ತಾಪದ ನಂತರ ಹಸ್ತನಿಕ್ಷೇಪ ಸಾಕೆಂದನು. ಅಂದರೆ ಅವರ ಪತನ ನಿಜವಾದದ್ದು, ಅವರು ಮೊದಲು ಪಡೆದ ಸ್ನಾನವೂ ನಿಜವಾದದ್ದು. ಅವರು ಹೊರಗಿನವರಲ್ಲ, ಗಾಯಗೊಂಡ ಒಳಗಿನವರು.

ಗಾಯವನ್ನು ಹೇಗೆ ವಾಸಿಮಾಡಬೇಕೆಂಬಲ್ಲಿ ಎರಡು ಅತಿರೇಕಗಳು ತಲೆದೋರಿದವು. ಕಾರ್ಥೇಜಿನಲ್ಲಿ ಸೆರೆಯಲ್ಲಿದ್ದ ಸಾಕ್ಷಿಗಳು ಬಿದ್ದವರಿಗೆ ಸಮಾಧಾನಪತ್ರಗಳನ್ನು ಬರೆದುಕೊಡತೊಡಗಿದರು. ಕೆಲವು ಪತ್ರಗಳಲ್ಲಿ ಹೆಸರೂ ಇರದೆ, ಒಬ್ಬನ ಮನೆಯವರೆಲ್ಲರಿಗೂ ಅನ್ವಯಿಸುವಂತಿತ್ತು. ಇದು ಗಾಯವನ್ನು ತೊಳೆಯದೆ ಮುಚ್ಚುವ ಕೆಲಸವೆಂದು ಸಿಪ್ರಿಯನನು ವಿರೋಧಿಸಿದನು. ಇನ್ನೊಂದು ಕಡೆ, ರೋಮಿನಲ್ಲಿ 251ರಲ್ಲಿ ಕೊರ್ನೇಲಿಯನು ಸಭಾಧ್ಯಕ್ಷನಾಗಿ ಆಯ್ಕೆಯಾದಾಗ, ತ್ರಯೈಕತ್ವವನ್ನು ಕುರಿತು ಗ್ರಂಥ ಬರೆದ ಹಿರಿಯ ವಿದ್ವಾಂಸ ನೊವೇಶಿಯನನು ಅದನ್ನು ಒಪ್ಪದೆ ಪ್ರತಿಸ್ಪರ್ಧಿಯಾಗಿ ಅಭಿಷೇಕ ಪಡೆದನು. ಬಲಿಯರ್ಪಿಸಿದವರಿಗೆ ಸಭೆಯು ಎಂದಿಗೂ ಸಮಾಧಾನ ಕೊಡಬಾರದೆಂಬುದು ಅವನ ಪಕ್ಷದ ನಿಲುವಾಯಿತು. ಪಾಪಿಗೆ ದೇವರ ಕ್ಷಮೆ ಅಸಾಧ್ಯವೆಂದು ಆ ಪಕ್ಷ ಹೇಳಲಿಲ್ಲ. ಪಶ್ಚಾತ್ತಾಪಪಡಲಿ, ಆದರೆ ಕ್ಷಮೆಯನ್ನು ದೇವರಿಂದ ಮಾತ್ರ ನಿರೀಕ್ಷಿಸಲಿ, ಸಭೆಯಿಂದ ಬೇಡ ಎಂದಿತು. ಸಭೆ ಶುದ್ಧರ ಕೂಟವಾಗಿ ಉಳಿಯಬೇಕೆಂಬುದೇ ಅದರ ಕಾಳಜಿ.

ಕಾರ್ಥೇಜಿನಲ್ಲಿ 251ರಲ್ಲಿ ಸೇರಿದ ಸಭಾಧ್ಯಕ್ಷರ ಸಮ್ಮೇಳನವು ಮಧ್ಯಮಾರ್ಗ ಹಿಡಿಯಿತು. ಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕು. ಬಲಿಯರ್ಪಿಸಿದವರು ಪಶ್ಚಾತ್ತಾಪದಲ್ಲಿ ಮುಂದುವರಿಯಬೇಕು, ಮರಣಶಯ್ಯೆಯಲ್ಲಿ ಅವರಿಗೆ ಸಮಾಧಾನ ದೊರೆಯಬೇಕು. ಎಲ್ಲ ಪಾಪಗಳೂ ಸಮವೆಂಬುದು ಸ್ತೋಯಿಕರ ತತ್ವವೇ ಹೊರತು ಕ್ರೈಸ್ತರದಲ್ಲವೆಂದು ಸಿಪ್ರಿಯನನು ಇದನ್ನು ಸಮರ್ಥಿಸಿದನು. ಪಶ್ಚಾತ್ತಾಪಪಡೆಂದು ಒತ್ತಾಯಿಸಿ ಅದರ ಫಲವನ್ನು ಮಾತ್ರ ನಿರಾಕರಿಸುವುದು, ಬಿತ್ತು, ಆದರೆ ಕೊಯ್ಯಬೇಡ ಎಂದು ರೈತನಿಗೆ ಹೇಳಿದಂತೆ ಎಂಬುದು ಅವನ ವಾದದ ತಿರುಳು. ಗಲ್ಲಸನ ಆಳ್ವಿಕೆಯಲ್ಲಿ ಮತ್ತೆ ಹಿಂಸೆಯ ಮೋಡ ಕವಿದಾಗ ಆಫ್ರಿಕದ ಸಭಾಧ್ಯಕ್ಷರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಪಶ್ಚಾತ್ತಾಪದಲ್ಲಿ ನಿಂತಿದ್ದ ಎಲ್ಲರಿಗೂ ಕೂಡಲೇ ಸಮಾಧಾನ ಕೊಟ್ಟರು. ಕ್ರಿಸ್ತನಿಗಾಗಿ ರಕ್ತ ಸುರಿಸಲು ಕರೆಯಬೇಕಾದವರಿಗೆ ಕ್ರಿಸ್ತನ ಪಾತ್ರೆಯನ್ನು ನಿರಾಕರಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಿಪ್ರಿಯನನು ತಾನೇ 258ರಲ್ಲಿ ರಕ್ತಸಾಕ್ಷಿಯಾದನು.

ಈ ವಿವಾದದ ನಿಜವಾದ ತೂಕ ಐಗುಪ್ತದ ಒಂದು ವೃತ್ತಾಂತದಲ್ಲಿ ಕಾಣಸಿಗುತ್ತದೆ. ಅಲೆಕ್ಸಾಂದ್ರಿಯದ ಸಭಾಧ್ಯಕ್ಷ ದಿಯೊನೀಸಿಯನು ಅದನ್ನು ಅಂತಿಯೋಕ್ಯದ ಫೇಬಿಯಸನಿಗೆ ಬರೆದನು. ಯೂಸೇಬಿಯನು ತನ್ನ ಸಭಾಚರಿತ್ರೆಯಲ್ಲಿ ಅದನ್ನು ಉಳಿಸಿದ್ದಾನೆ. ಸೆರಾಪಿಯೋನನೆಂಬ ಮುದುಕನು ಬಹುಕಾಲ ನಿಂದಾರಹಿತನಾಗಿ ಬಾಳಿ, ಹಿಂಸೆಯ ದಿನಗಳಲ್ಲಿ ಬಲಿಯರ್ಪಿಸಿದ್ದನು. ಹಲವು ಬಾರಿ ಕ್ಷಮೆ ಬೇಡಿದರೂ ಯಾರೂ ಕಿವಿಗೊಡಲಿಲ್ಲ. ರೋಗಪೀಡಿತನಾಗಿ ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದವನು ನಾಲ್ಕನೆಯ ದಿನ ಚೇತರಿಸಿಕೊಂಡು ಮೊಮ್ಮಗನನ್ನು ಸಭೆಯ ಹಿರಿಯನ ಬಳಿಗೆ ಕಳುಹಿಸಿದನು. ರಾತ್ರಿಯಾಗಿತ್ತು, ಹಿರಿಯನೂ ಕಾಯಿಲೆಯಲ್ಲಿದ್ದನು. ಅವನು ಪರಿಶುದ್ಧ ರೊಟ್ಟಿಯ ಒಂದು ಚೂರನ್ನು ಹುಡುಗನ ಕೈಗಿತ್ತು, ನೆನೆಸಿ ಮುದುಕನ ಬಾಯಿಗೆ ಹಾಕೆಂದನು. ಹುಡುಗನು ಹಾಗೆಯೇ ಮಾಡಿದನು. ಅದನ್ನು ನುಂಗಿದ ಮುದುಕನು ಕೂಡಲೇ ಪ್ರಾಣಬಿಟ್ಟನು. ಆ ಸಮಾಧಾನಕ್ಕಾಗಿಯೇ ಅವನ ಪ್ರಾಣ ಉಳಿದಿತ್ತೆಂಬುದು ದಿಯೊನೀಸಿಯನ ನಂಬಿಕೆ. ನೊವೇಶಿಯನನ ಕಡೆಗೆ ವಾಲುತ್ತಿದ್ದ ಫೇಬಿಯಸನಿಗೆ ಅವನು ಇದಕ್ಕಿಂತ ಬಲವಾದ ಉತ್ತರವನ್ನು ಬರೆಯಬೇಕಾಗಿರಲಿಲ್ಲ.

ಕಠಿಣ ನಿಲುವು ಬೇಗ ಮಾಯವಾಗಲಿಲ್ಲ. 325ರ ನೈಸೀಯ ಸಮ್ಮೇಳನವು ತಮ್ಮನ್ನು 'ಶುದ್ಧರು' ಎಂದು ಕರೆದುಕೊಂಡ ನೊವೇಶಿಯನನ ಅನುಯಾಯಿಗಳ ಬೋಧಕರನ್ನು ಸೇರಿಸಿಕೊಳ್ಳಲು ಒಂದು ಷರತ್ತನ್ನಿಟ್ಟಿತು: ಬಿದ್ದು ಎದ್ದವರೊಡನೆ ಅವರು ಅನ್ಯೋನ್ಯತೆಯಲ್ಲಿರಬೇಕು. ಆ ಪಂಥದ ಅಕೇಸಿಯನೆಂಬ ಸಭಾಧ್ಯಕ್ಷನಿಗೆ ಕೊನ್‌ಸ್ತಂತೀನನು, ಏಣಿಯೊಂದನ್ನು ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತು ಎಂದನೆಂದು ಚರಿತ್ರಕಾರ ಸಾಕ್ರಟೀಸನು ಹೇಳುತ್ತಾನೆ. ಆದರೆ ಅದೇ ಸಮ್ಮೇಳನವು ಲಿಸಿನಿಯನ ಕಾಲದಲ್ಲಿ ಬಲವಂತವಿಲ್ಲದೆ ಬಿದ್ದವರಿಗೆ ಒಟ್ಟು 12 ವರ್ಷಗಳ ಪಶ್ಚಾತ್ತಾಪವನ್ನು ವಿಧಿಸಿತೆಂಬುದನ್ನೂ ನಾವು ಮರೆಯಬಾರದು. ಬಾಗಿಲು ತೆರೆದಿತ್ತು, ದಾರಿ ದೀರ್ಘವಾಗಿತ್ತು.

ಆ ದೀರ್ಘ ದಾರಿಯ ಭಯವು ಇನ್ನೊಂದು ಹಾನಿಯನ್ನು ತಂದಿತು. ಸ್ನಾನದ ನಂತರದ ಪಾಪಕ್ಕೆ ಅಂಜಿ ಜನರು ಸ್ನಾನವನ್ನೇ ಮುಂದೂಡತೊಡಗಿದರು. ಕೊನ್‌ಸ್ತಂತೀನನು 337ರಲ್ಲಿ ಮರಣದ ಹೊಸ್ತಿಲಲ್ಲಿ ಸ್ನಾನಹೊಂದಿದನು. ಅಗಸ್ಟೀನನು ಬಾಲ್ಯದಲ್ಲಿ ಕಾಯಿಲೆಬಿದ್ದಾಗ ಕೊಡಿಸಬೇಕೆಂದಿದ್ದ ಸ್ನಾನವು, ಅವನು ಗುಣವಾದೊಡನೆ ಇದೇ ಕಾರಣಕ್ಕೆ ಮುಂದೆ ಹೋಯಿತು. ಶುದ್ಧತೆಯನ್ನು ಕಾಯಲು ಹೊರಟ ಶಿಸ್ತು ಜನರನ್ನು ಕೃಪೆಯ ಸಾಧನದಿಂದಲೇ ದೂರವಿಟ್ಟಿತು.

ಅದೇ ಅಗಸ್ಟೀನನ ಕಾಲದಲ್ಲಿ, 418ರ ಕಾರ್ಥೇಜಿನ ಸಮ್ಮೇಳನವು ಪೆಲಾಗಿಯನ ಬೋಧನೆಯನ್ನು ಖಂಡಿಸುತ್ತ ನಮ್ಮ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟಿತು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುವ ಭಾಗವನ್ನು ದೇವಜನರು ದೀನತೆಗಾಗಿ ಮಾತ್ರ ಹೇಳುತ್ತಾರೆ, ಅದು ಅವರ ವಿಷಯದಲ್ಲಿ ಸತ್ಯವಲ್ಲ ಎನ್ನುವವರನ್ನು ಅದು ತಿರಸ್ಕರಿಸಿತು. ಪರಿಶುದ್ಧರೂ ಆ ಬಿನ್ನಹವನ್ನು ತಮಗಾಗಿಯೇ, ಸತ್ಯವಾಗಿಯೇ ಮಾಡುತ್ತಾರೆ. ನಿಜಕ್ರೈಸ್ತನು ಪಾಪಮಾಡಬಲ್ಲನೆಂಬುದಕ್ಕೆ ಸಭೆಯ ಪ್ರತಿದಿನದ ಪ್ರಾರ್ಥನೆಯೇ ಸಾಕ್ಷಿಯಾಯಿತು.

ಈ ಚರಿತ್ರೆ ಇಬ್ರಿಯರ ಪತ್ರಿಕೆಯ ಎಚ್ಚರಿಕೆಯನ್ನು ಅಳಿಸಿಹಾಕುವುದಿಲ್ಲ. ಬಿದ್ದವರ ಪಾಪವನ್ನು ಸಿಪ್ರಿಯನನು ಎಂದೂ ಹಗುರವಾಗಿ ಕಾಣಲಿಲ್ಲ; ಹಗುರವಾಗಿ ಕಂಡವರನ್ನು ಗದರಿಸಿದನು. ಸಭಾಪಾಲನೆಯಲ್ಲಿರುವ ನಮ್ಮ ಮುಂದೆಯೂ ಅದೇ ಎರಡು ಶೋಧನೆಗಳಿವೆ: ಕೇಳುವ ಮೊದಲೇ ಪತ್ರ ಬರೆದುಕೊಡುವುದು ಒಂದು, ಬಿದ್ದವನು ಎಂದೂ ನಮ್ಮವನಾಗಿರಲಿಲ್ಲವೆಂದು ಕೈತೊಳೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಪಶ್ಚಾತ್ತಾಪಕ್ಕೆ ಬೇಕಾದ ಕಾಲವನ್ನು ಕೊಡುವುದಿಲ್ಲ. ಎರಡನೆಯದು ಅದರ ಫಲವನ್ನು ಕೊಡುವುದಿಲ್ಲ. ಮೂರನೆಯ ಶತಮಾನದ ಸಭೆ ಬಹಳ ನೋವಿನಿಂದ ಎರಡನ್ನೂ ಕೊಡಲು ಕಲಿತಿತು. ಸೆರಾಪಿಯೋನನಂಥವರು ಇಂದಿಗೂ ಯಾರನ್ನಾದರೂ ಕಳುಹಿಸುತ್ತಾರೆ, ಬಹುಶಃ ರಾತ್ರಿಯ ವೇಳೆಯಲ್ಲಿಯೇ. ಅವರಿಗೆ ಏನನ್ನು ಕೊಟ್ಟು ಕಳುಹಿಸಬೇಕೆಂಬುದನ್ನು ನಾವು ಅದಕ್ಕೆ ಮೊದಲೇ ನಿಶ್ಚಯಿಸಿಕೊಂಡಿರಬೇಕು.