ಸುತ್ತಿಗೆ ಹುಡುಕಲು ಹೋದವರಿಗೆ ಸಿಕ್ಕಿದ ಪೆಟ್ಟಿಗೆ: ಮೆಟಲ್ ಡಿಟೆಕ್ಟರ್ ಕಲಿಸುವ ಪಾಠ

1992ರ ನವೆಂಬರ್ 16. ಇಂಗ್ಲೆಂಡಿನ ಸಫೋಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿ. ಪೀಟರ್ ವಾಟ್ಲಿಂಗ್ ಎಂಬ ಗೇಣಿ ರೈತರು ಹೊಲದಲ್ಲಿ ತಮ್ಮ ಸುತ್ತಿಗೆ ಕಳೆದುಕೊಂಡಿದ್ದರು. ಮಣ್ಣಲ್ಲಿ ಹೂತುಹೋದ ಸುತ್ತಿಗೆ ಬರಿಗಣ್ಣಿಗೆ ಎಲ್ಲಿ ಕಾಣಬೇಕು? ಗೆಳೆಯ ಎರಿಕ್ ಲಾಸ್ ಅವರನ್ನು ಕರೆದರು. ತೋಟದ ಕೆಲಸ ಮಾಡಿ ನಿವೃತ್ತರಾಗಿದ್ದ ಎರಿಕ್ ಬಳಿ ಒಂದು ಮೆಟಲ್ ಡಿಟೆಕ್ಟರ್ ಇತ್ತು. ಅದು ನಿವೃತ್ತಿಯಾದಾಗ ಉಡುಗೊರೆಯಾಗಿ ಬಂದ ಯಂತ್ರ.

ಸುತ್ತಿಗೆಗಿಂತ ಮೊದಲು ಯಂತ್ರ ಬೇರೊಂದು ಕಡೆ ಸದ್ದು ಮಾಡಿತು. ಅಗೆದರೆ ಬೆಳ್ಳಿ ಚಮಚ, ಚಿನ್ನದ ಒಡವೆ, ನಾಣ್ಯ. ಒಂದೆರಡು ಚೀಲ ತುಂಬುವಷ್ಟು ಸಿಕ್ಕಿತು. ಕೆಳಗೆ ಇನ್ನೂ ಬೇಕಾದಷ್ಟು ಇತ್ತು. ಆಗ ಎರಿಕ್ ಮಾಡಿದ ಕೆಲಸಕ್ಕೇ ಇವತ್ತಿಗೂ ಅವರ ಹೆಸರು ಉಳಿದಿರುವುದು. ಅವರು ಅಗೆಯುವುದನ್ನು ನಿಲ್ಲಿಸಿದರು. ಜಮೀನಿನ ಒಡೆತನವಿದ್ದ ಜಿಲ್ಲಾ ಆಡಳಿತಕ್ಕೂ ಪೊಲೀಸರಿಗೂ ಸುದ್ದಿ ಮುಟ್ಟಿಸಿದರು.

ಈಗ ನಮ್ಮ ಊರುಗಳಲ್ಲೂ ಹುಡುಗರು ಮೊಬೈಲಿನಲ್ಲಿ ಡಿಟೆಕ್ಟರ್ ವಿಡಿಯೋ ನೋಡುತ್ತಾರೆ. "ಯಾವುದು ಒಳ್ಳೆಯದು? ಎಷ್ಟಾಗುತ್ತದೆ? ಚಿನ್ನ ಹಿಡಿಯುತ್ತದಾ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಯಂತ್ರ ಕೊಳ್ಳುವ ಮೊದಲು ಅದರ ಚರಿತ್ರೆ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

ಮೊದಲ ಪಾಠ: ಅಧ್ಯಕ್ಷರ ಹಾಸಿಗೆ

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಒಂದು ಗುಂಡು ಮೈಯೊಳಗೇ ಉಳಿಯಿತು. ಎಕ್ಸ್‌ರೇ ಇನ್ನೂ ಹುಟ್ಟದ ಕಾಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್, ಗುಂಡು ಇರುವ ಜಾಗ ಗುರುತಿಸಲು ತಂತಿ ಸುರುಳಿಯ ಒಂದು ಸಾಧನ ಮಾಡಿ ತಂದರು. ಲೋಹ ಹತ್ತಿರ ಬಂದರೆ ಕಿವಿಗಿಟ್ಟ ಟೆಲಿಫೋನಿನಲ್ಲಿ ಸದ್ದು ಬರಬೇಕು.

ಅದು ಬೇರೆಡೆ ಚೆನ್ನಾಗಿ ಕೆಲಸ ಮಾಡಿತ್ತು, ಅಧ್ಯಕ್ಷರ ಮೇಲೆ ಮಾಡಲಿಲ್ಲ. ಅವರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗ್‌ಗಳಿದ್ದವು. ಜೊತೆಗೆ ಮುಖ್ಯ ವೈದ್ಯರು ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಎಡಗಡೆ ಇತ್ತು ಎಂದು ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ, ಸೆಪ್ಟೆಂಬರ್‌ನಲ್ಲಿ.

ಇದರಲ್ಲಿ ಕಲಿಯುವವರಿಗೆ ಎರಡು ಮಾತಿವೆ. ಒಂದು, ಹತ್ತಿರದ ಲೋಹ ಯಂತ್ರಕ್ಕೆ ಮೋಸ ಮಾಡುತ್ತದೆ. ಕೈಯ ಉಂಗುರ, ಜೇಬಿನ ಫೋನು, ಬೂಟಿನೊಳಗಿನ ಉಕ್ಕು, ಪಕ್ಕದ ತಂತಿಬೇಲಿ, ಮೇಲಿನ ಕರೆಂಟು ಲೈನು ಎಲ್ಲವೂ ಸದ್ದು ಕೆಡಿಸುತ್ತವೆ. ಎರಡು, "ಇಲ್ಲೇ ಇದೆ" ಎಂದು ಮೊದಲೇ ತೀರ್ಮಾನಿಸಿಕೊಂಡು ಹುಡುಕಿದರೆ ಒಳ್ಳೆಯ ಯಂತ್ರವೂ ಸೋಲುತ್ತದೆ.

ಎರಡನೇ ಪಾಠ: ಮರುಭೂಮಿಯ ನೆಲಬಾಂಬು

ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ಬ್ರಿಟಿಷ್ ಸೇನೆಗಾಗಿ ನೆಲಬಾಂಬು ಪತ್ತೆ ಮಾಡುವ ಯಂತ್ರ ರೂಪಿಸಿದರು. ತೂಕ 14 ಕೆಜಿಗೆ ತುಸು ಕಡಿಮೆ. ಸೈನಿಕನೊಬ್ಬನೇ ಹೊತ್ತು ನಡೆಯಬಹುದಿತ್ತು. 1942ರ ಕೊನೆಯಲ್ಲಿ ಈಜಿಪ್ಟಿನ ಎಲ್ ಅಲಮೈನ್ ಯುದ್ಧಕ್ಕೆ ಇಂಥ 500 ಯಂತ್ರ ಹೋದವು. ಮೊದಲು ಗಂಟೆಗೆ ಸುಮಾರು 100 ಚದರ ಮೀಟರ್ ನೆಲ ಬಾಂಬುಮುಕ್ತ ಮಾಡುತ್ತಿದ್ದವರು 200 ಚದರ ಮೀಟರ್ ಮಾಡತೊಡಗಿದರು. ಕೊಸಾಟ್ಸ್ಕಿ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಆ ಸೈನಿಕರು ನಡೆದ ರೀತಿಯೇ ಇವತ್ತಿನ ಹೊಸಬರಿಗೂ ಪಾಠ. ಸುರುಳಿಯ ತಟ್ಟೆ ನೆಲಕ್ಕೆ ಸಮವಾಗಿ, ನೆಲಕ್ಕೆ ಹತ್ತಿರವಾಗಿ ಇರಬೇಕು. ಪೊರಕೆ ಬೀಸಿದ ಹಾಗೆ ಕೊನೆಯಲ್ಲಿ ಮೇಲಕ್ಕೆತ್ತಬಾರದು. ನಿಧಾನ ನಡೆಯಬೇಕು. ಬೀಸಿದ ಜಾಗದ ಮೇಲೆ ಮತ್ತೆ ಅರ್ಧ ಬರುವಂತೆ ಬೀಸಬೇಕು. ಹೆಡ್‌ಫೋನ್ ಹಾಕಿಕೊಂಡರೆ ಸಣ್ಣ ಸದ್ದೂ ಕೇಳುತ್ತದೆ.

ಯಂತ್ರಕ್ಕೆ ಚಿನ್ನ ಗೊತ್ತಿಲ್ಲ

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಯಂತ್ರಗಳು ಜನರ ಕೈಗೆ ಬಂದವು. ಟ್ರಾನ್ಸಿಸ್ಟರ್ ಬಂದ ಮೇಲೆ ಹಗುರಾದವು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದು ದೊಡ್ಡ ಹವ್ಯಾಸವೇ ಆಯಿತು.

ಕೆಲಸ ಮಾಡುವ ಬಗೆ ಸರಳ. ಸುರುಳಿಯಲ್ಲಿ ಕರೆಂಟು ಹರಿದು ಸುತ್ತ ಆಯಸ್ಕಾಂತದ ವಲಯ ಹುಟ್ಟುತ್ತದೆ. ಆ ವಲಯಕ್ಕೆ ಸಿಕ್ಕಿದ ಲೋಹದಲ್ಲೂ ಸಣ್ಣ ಕರೆಂಟು ಹುಟ್ಟುತ್ತದೆ. ಅದರ ಪ್ರತಿಧ್ವನಿಯನ್ನು ಯಂತ್ರ ಹಿಡಿಯುತ್ತದೆ. ಅದಕ್ಕೆ ತಿಳಿಯುವುದು ಲೋಹ ಎಷ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ, ಎಷ್ಟು ದೊಡ್ಡದು, ಎಷ್ಟು ಹತ್ತಿರ ಇದೆ ಎಂಬುದಷ್ಟೆ. ಹಾಗಾಗಿ ಸಣ್ಣ ಚಿನ್ನದ ಉಂಗುರವೂ ಮಡಚಿದ ಗುಟ್ಕಾ ಪೊಟ್ಟಣದೊಳಗಿನ ತಗಡೂ ಹೆಚ್ಚುಕಡಿಮೆ ಒಂದೇ ಸದ್ದು ಮಾಡಬಹುದು. ನಾಣ್ಯದಷ್ಟು ಸಣ್ಣ ವಸ್ತುವಾದರೆ ಸಾಮಾನ್ಯ ಯಂತ್ರ ಹಿಡಿಯುವುದು ಸುಮಾರು ಒಂದು ಗೇಣು ಆಳಕ್ಕೆ.

ಹೊಸಬರಿಗೆ ಹೊಂದುವುದು ವಿಎಲ್ಎಫ್ ಎಂಬ ಬಗೆ. ಕಡಿಮೆ ಬೆಲೆಯಲ್ಲಿ ಸಿಗುತ್ತದೆ. ಕಬ್ಬಿಣದ ಮೊಳೆಯನ್ನೂ ತಾಮ್ರ, ಬೆಳ್ಳಿಯನ್ನೂ ಸದ್ದಿನಲ್ಲಿ ಬೇರೆ ಮಾಡಿ ತೋರಿಸುತ್ತದೆ. ಪಲ್ಸ್ ಇಂಡಕ್ಷನ್ ಬಗೆಯದು ಆಳಕ್ಕೆ ಹೋದರೂ ಬೆಲೆ ಹೆಚ್ಚು, ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಹಿಂದೆ. ಕೊಳ್ಳುವಾಗ 'ಗ್ರೌಂಡ್ ಬ್ಯಾಲೆನ್ಸ್' ಇದೆಯೇ ಎಂದು ಮುಖ್ಯವಾಗಿ ನೋಡಿ. ಕಬ್ಬಿಣದಂಶ ಹೆಚ್ಚಿರುವ ಕೆಮ್ಮಣ್ಣು, ಜಂಬಿಟ್ಟಿಗೆ ನೆಲದಲ್ಲಿ ಮಣ್ಣೇ ಸದ್ದು ಮಾಡುತ್ತದೆ. ಅದನ್ನು ತಗ್ಗಿಸುವುದು ಈ ವ್ಯವಸ್ಥೆ.

ಕಲಿಯಲು ಹೊಲ, ಗುಡ್ಡ ಸುತ್ತಬೇಕಿಲ್ಲ. ನಿಮ್ಮದೇ ಹಿತ್ತಲಲ್ಲಿ ಒಂದು ರೂಪಾಯಿ ನಾಣ್ಯ, ಒಂದು ಮೊಳೆ, ಒಂದು ಬಾಟಲಿ ಮುಚ್ಚಳ, ಒಂದು ತಾಮ್ರದ ತುಂಡನ್ನು ಬೇರೆ ಬೇರೆ ಆಳದಲ್ಲಿ ಹೂತು, ಒಂದೊಂದರ ಸದ್ದನ್ನೂ ಕಿವಿಗೆ ರೂಢಿ ಮಾಡಿಕೊಳ್ಳಿ. ಒಂದು ವಾರ ಹೀಗೆ ಮಾಡಿದರೆ ಪರದೆಯ ಮೇಲಿನ ಅಂಕಿಗಿಂತ ನಿಮ್ಮ ಕಿವಿಯೇ ಚೆನ್ನಾಗಿ ಹೇಳುತ್ತದೆ. ಕಳೆದುಹೋದ ಓಲೆ, ನೇಗಿಲಿನ ಬೋಲ್ಟು, ಮಣ್ಣಡಿಯ ಕಬ್ಬಿಣದ ಪೈಪು ಹುಡುಕಲು ಇದು ಸಾಕು.

"ನೂರು ಅಡಿ ದೂರದಿಂದಲೇ ಚಿನ್ನ ತೋರಿಸುತ್ತದೆ" ಎಂದು ಕಡ್ಡಿಯಂಥ ಸಾಧನ ಮಾರಲು ಬಂದವರನ್ನು ಮಾತ್ರ ಬಾಗಿಲಲ್ಲೇ ಕಳಿಸಿಬಿಡಿ. ಬ್ರಿಟನ್ನಿನ ಒಬ್ಬ ವ್ಯಾಪಾರಿ ಗಾಲ್ಫ್ ಚೆಂಡು ಹುಡುಕುವ ಅಗ್ಗದ ಆಟಿಕೆಯನ್ನೇ ಹೋಲುವ ಡಬ್ಬಿಯನ್ನು ಬಾಂಬು ಪತ್ತೆ ಯಂತ್ರವೆಂದು ಇರಾಕಿಗೆ ಸಾವಿರಾರು ಡಾಲರಿಗೆ ಒಂದರಂತೆ ಮಾರಿದ್ದ. ಅದರಲ್ಲಿ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. 2013ರಲ್ಲಿ ಅವನಿಗೆ 10 ವರ್ಷ ಜೈಲಾಯಿತು. ಒಂದು ದೇಶದ ಸರ್ಕಾರವೇ ಮೋಸಹೋದ ಮೇಲೆ ನಮ್ಮಂಥವರ ಪಾಡೇನು!

ನಿಲ್ಲಿಸಿದ್ದರಿಂದ ಸಿಕ್ಕಿದ್ದೇನು?

ಮತ್ತೆ ಹಾಕ್ಸನ್‌ಗೆ ಬರೋಣ. ಮರುದಿನವೇ ಪುರಾತತ್ವ ತಜ್ಞರು ಬಂದು ಒಂದೇ ದಿನದಲ್ಲಿ ಗುಟ್ಟಾಗಿ ಉತ್ಖನನ ಮುಗಿಸಿದರು. ಮಣ್ಣಿನ ಗಡ್ಡೆಗಳನ್ನು ಹಾಗೇ ಎತ್ತಿ ಪ್ರಯೋಗಾಲಯಕ್ಕೆ ಒಯ್ದರು. ಸುಮಾರು 15 ಸಾವಿರ ರೋಮನ್ ನಾಣ್ಯ, ಸುಮಾರು 200 ಚಿನ್ನ, ಬೆಳ್ಳಿಯ ವಸ್ತುಗಳು ಅಲ್ಲಿದ್ದವು.

ಆದರೆ ಲೆಕ್ಕಕ್ಕಿಂತ ದೊಡ್ಡದು ಅವು ಇದ್ದ ಜಾಗ. ಯಾವುದರ ಪಕ್ಕ ಯಾವುದಿತ್ತು ಎಂದು ಗುರುತಿಟ್ಟುಕೊಂಡಿದ್ದರಿಂದ, ಅದೊಂದು ಓಕ್ ಮರದ ಪೆಟ್ಟಿಗೆ, ಅದರೊಳಗೆ ಚಿಕ್ಕ ಪೆಟ್ಟಿಗೆಗಳಿದ್ದವು ಎಂದು ತಿಳಿಯಿತು. ಮರ ಕೊಳೆತುಹೋಗಿ ಕೀಲು, ಬೀಗ ಮಾತ್ರ ಉಳಿದಿದ್ದವು. ಯಾರೋ ಗಾಬರಿಯಲ್ಲಿ ಸುರಿದು ಓಡಿಲ್ಲ, ಜೋಡಿಸಿ ಇಟ್ಟಿದ್ದಾರೆ. ಕೊನೆಯ ನಾಣ್ಯಗಳು ಕ್ರಿ.ಶ. 407-408ರವು. ಅಂದರೆ ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಕುಸಿಯುತ್ತಿದ್ದ ಹೊತ್ತಿನಲ್ಲೋ ಆಮೇಲೋ ಹೂತದ್ದು. ಒಂದು ಬಳೆಯ ಮೇಲೆ ಜೂಲಿಯಾನಾ ಎಂಬ ಹೆಂಗಸಿಗೆ ಹರಸಿದ ಮಾತಿದೆ. 1,600 ವರ್ಷದ ಮೇಲೆ ಒಂದು ಮನೆಯ ಹೆಂಗಸಿನ ಹೆಸರು ಸಿಕ್ಕಿತು.

ನಮಗೆ ಹತ್ತಿರದ ಸಂಗತಿಯೂ ಅದರಲ್ಲಿದೆ. ಪೆಟ್ಟಿಗೆಯಲ್ಲಿ ಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿ ಪಾತ್ರೆಗಳಿದ್ದವು. ಒಂದು ರಾಣಿಯಂಥ ಹೆಂಗಸಿನ ಆಕಾರದ್ದು. ರೋಮನ್ನರ ಊಟಕ್ಕೆ ಕರಿಮೆಣಸು ಹೋಗುತ್ತಿದ್ದದ್ದು ಭಾರತದ ಪಶ್ಚಿಮ ಕರಾವಳಿಯಿಂದ, ಹಡಗು ಹತ್ತಿ.

ಎರಿಕ್ ಅವರಿಗೆ ಸರ್ಕಾರ 17.5 ಲಕ್ಷ ಪೌಂಡ್ ಬಹುಮಾನ ಕೊಟ್ಟಿತು. ಅದರಲ್ಲಿ ರೈತ ಗೆಳೆಯನಿಗೂ ಪಾಲು ಕೊಟ್ಟರು. ಸುತ್ತಿಗೆಯೂ ಸಿಕ್ಕಿತು! ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ಪುರಾತತ್ವದವರಿಗೂ ಡಿಟೆಕ್ಟರ್ ಹಿಡಿದವರಿಗೂ ಹಾವು ಮುಂಗುಸಿ ಸಂಬಂಧ. 1996ರಲ್ಲಿ ಹೊಸ ನಿಧಿ ಕಾಯ್ದೆ ಬಂತು. ಸಿಕ್ಕಿದ್ದನ್ನು 14 ದಿನದೊಳಗೆ ತಿಳಿಸಬೇಕು, ಮ್ಯೂಸಿಯಂ ಕೊಂಡರೆ ಬಹುಮಾನ ಉಂಟು. 1997ರಿಂದ ಸಣ್ಣಪುಟ್ಟ ವಸ್ತುಗಳನ್ನೂ ದಾಖಲಿಸುವ ಯೋಜನೆ ಶುರುವಾಗಿ, 15 ಲಕ್ಷಕ್ಕೂ ಹೆಚ್ಚು ವಸ್ತುಗಳ ದಾಖಲೆ ಆಗಿದೆ.

ತಿಳಿಸದವರ ಗತಿಯೂ ಇದೆ. 2015ರಲ್ಲಿ ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ನಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಸುಮಾರು 300 ನಾಣ್ಯ ಇದ್ದಿರಬಹುದೆಂದು ಅಂದಾಜು. ಅವರು ಬಾಯಿ ಮುಚ್ಚಿಕೊಂಡು ಮಾರಲು ಹೊರಟರು. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ವಾಪಸ್ ಸಿಕ್ಕಿದ್ದು 30ರ ಆಸುಪಾಸು ನಾಣ್ಯ ಮಾತ್ರ. ಅದರಲ್ಲೇ ಇಬ್ಬರು ರಾಜರು ಜೊತೆಗಿರುವ ನಾಣ್ಯಗಳಿದ್ದು, ಆ ಕಾಲದ ಚರಿತ್ರೆಯನ್ನೇ ತಿದ್ದುವಂತಿದ್ದವು. ಉಳಿದವು ಏನು ಹೇಳುತ್ತಿದ್ದವೋ ಯಾರಿಗೆ ಗೊತ್ತು? ಸರಿಯಾಗಿ ತಿಳಿಸಿದ್ದರೆ ಇಬ್ಬರಿಗೂ ದೊಡ್ಡ ಬಹುಮಾನ ಬರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಮ್ಮಲ್ಲಿ ಹೇಗೆ?

ಬ್ರಿಟನ್ನಿನ ನಿಯಮ ನಮಗೆ ಅನ್ವಯಿಸದು. ಅಲ್ಲಿ ಜಮೀನಿನ ಒಡೆಯರ ಒಪ್ಪಿಗೆಯಿದ್ದರೆ ಹವ್ಯಾಸವಾಗಿ ಹುಡುಕಬಹುದು. ನಮ್ಮಲ್ಲಿ ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ. ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬುದು 1878ರಷ್ಟು ಹಳೆಯ ಕಾನೂನು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ. ಮನೆ ಪಾಯ ತೋಡುವಾಗ, ಉಳುವಾಗ ತಾನಾಗಿ ಸಿಕ್ಕರೂ ಮುಚ್ಚಿಡುವಂತಿಲ್ಲ. ಅಲ್ಲೇ ಬಿಟ್ಟು, ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಗೋ ತಹಶೀಲ್ದಾರರಿಗೋ ಪೊಲೀಸರಿಗೋ ಹೇಳಿ.

ಕಾನೂನಿನ ಮಾತು ಹಾಗಿರಲಿ. ನಿಧಿ ಆಸೆಗೆ ನಮ್ಮ ಊರುಗಳ ಎಷ್ಟು ಗುಡಿಗಳ ಪೀಠ ಕಿತ್ತುಹೋಗಿವೆ, ಎಷ್ಟು ವೀರಗಲ್ಲು, ಲಿಂಗ, ಬಸವ ಒಡೆದಿವೆ ಎಂಬುದನ್ನು ಕಣ್ಣಾರೆ ಕಂಡಿದ್ದೇವೆ. ಅಗೆದವರಿಗೆ ಸಿಗುವುದು ಹೆಚ್ಚಾಗಿ ಬರೀ ಮಣ್ಣು, ಊರು ಕಳೆದುಕೊಳ್ಳುವುದು ತನ್ನ ಹಿರೀಕರ ಗುರುತು.

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ ಬಂಡೆಯ ಮೇಲೊಂದು ಶಾಸನ ಕಾಣಿಸಿತು. ಅದು ಚಿನ್ನವಲ್ಲ, ಕಲ್ಲು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇದ್ದ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಆ ಕಲ್ಲು. ಯಾರೂ ಅದನ್ನು ಕೀಳಲಿಲ್ಲ, ಒಡೆಯಲಿಲ್ಲ. ಅದು ಇದ್ದಲ್ಲೇ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.