ಬಾಕಿ ಬಿಲ್ಲಿಗೆ ದೇಣಿಗೆ ರಶೀದಿ

ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಕಾಮೆಂಟ್ ಮಾಡಿ.

ಕಳೆದ ವಾರ ನಮ್ಮೂರಿನ ಸರ್ಕಾರಿ ಶಾಲೆಗೆ ಒಂದು ಕಂಪನಿಯವರು ನೀರಿನ ಫಿಲ್ಟರ್ ಕೊಟ್ಟರು. ಶಾಲು, ಹಾರ, ಫೋಟೋ ಎಲ್ಲ ಆಯ್ತು. ಬ್ಯಾನರಿನಲ್ಲಿ 'ಸಾಮಾಜಿಕ ಹೊಣೆಗಾರಿಕೆ' ಅಂತ ದೊಡ್ಡದಾಗಿ ಬರೆದಿತ್ತು. ಅದೇ ಕಂಪನಿಯಲ್ಲಿ ನಮ್ಮಕ್ಕ ಗುತ್ತಿಗೆ ಮೇಲೆ ಕಕ್ಕಸು ತೊಳೆಯೋ ಕೆಲಸ ಮಾಡ್ತಾಳೆ. ಆರು ವರ್ಷದಿಂದ ಸಂಬಳದಲ್ಲಿ ಪಿಎಫ್ ಹಿಡೀತಿದಾರೆ. ಇವತ್ತಿಗೂ ಅವಳ ಕೈಗೆ ಪಿಎಫ್ ನಂಬರ್ ಬಂದಿಲ್ಲ. ಕಂಪನಿ 'ಗುತ್ತಿಗೆದಾರನ್ನ ಕೇಳಮ್ಮ' ಅನ್ನುತ್ತೆ, ಗುತ್ತಿಗೆದಾರ 'ಕಂಪನಿಯಿಂದ ಬರಬೇಕು' ಅಂತಾನೆ.

ನಾನು ಗುಮಾಸ್ತ. ದೇಣಿಗೆ ರಶೀದಿಗೂ ಬಾಕಿ ಬಿಲ್ಲಿಗೂ ಇರೋ ವ್ಯತ್ಯಾಸ ನನಗೆ ಗೊತ್ತು. ಎರಡೂ ಬೇರೆ ಬೇರೆ ಫೈಲು. ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋಕೆ ಆಗಲ್ಲ. ಆದರೆ ನಮ್ಮ ನಾಡಿನ ಚರಿತ್ರೆಯಲ್ಲಿ ಇದು ಹಳೇ ಆಟ. ಅದು ಗೊತ್ತಾಗಬೇಕಾದರೆ ಸಿನಿಮಾ ಕೆಜಿಎಫ್ ಬಿಟ್ಟು ನಿಜವಾದ ಕೆಜಿಎಫ್‌ಗೆ ಹೋಗಬೇಕು.

1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಷೇರುದಾರರು ಲಂಡನ್ನಿನಲ್ಲಿ, ರಾಯಧನ ಮೈಸೂರು ಸಂಸ್ಥಾನಕ್ಕೆ. ಗಣಿಗೆ ಇಳಿದವರು ಯಾರು? ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬರಗಾಲಕ್ಕೂ ಜಮೀನ್ದಾರನಿಗೂ ಹೆದರಿ ಬಂದ ನಮ್ಮ ಜನ. ನೆಲದಡಿ ದುಡಿದವರಲ್ಲಿ ಹೆಚ್ಚಿನವರು ಆದಿದ್ರಾವಿಡರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಸುಡೋ ಬಂಡೆ, ಯಾವಾಗ ಸಿಡಿಯುತ್ತೋ ಗೊತ್ತಿಲ್ಲದ ಕಲ್ಲು. ಒಟ್ಟು ಸುಮಾರು 800 ಟನ್ ಚಿನ್ನ ಹೊರಗೆ ಬಂತು.

1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು, ಬೆಂಗಳೂರಿಗೂ ಮೂರು ವರ್ಷ ಮೊದಲೇ. ಇದನ್ನ ನಾವು ಹೆಮ್ಮೆಯಿಂದ ಹೇಳ್ತೀವಿ. ಆದರೆ ಅದು ಬಂದದ್ದು ಗಣಿಯ ಯಂತ್ರಕ್ಕೆ. ಬಿಳಿಯರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ತಟ್ಟಿ ಗೋಡೆಯ ಸಾಲು ಗುಡಿಸಲು.

ಕಂಪನಿ ಆಸ್ಪತ್ರೆ ಕಟ್ಟಿತ್ತು, ಸುಳ್ಳಲ್ಲ. ಅವತ್ತಿನ ಕಾಲಕ್ಕೆ ಒಳ್ಳೇ ಆಸ್ಪತ್ರೆಯೇ. ಆದರೆ ಅದರ ಮಂಚದ ಮೇಲೆ ಮಲಗಿದವನ ಶ್ವಾಸಕೋಶದಲ್ಲಿ ಇದ್ದದ್ದು ಯಾರ ಗಣಿಯ ಧೂಳು? 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು. ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ ಅದು.

ನಮ್ಮ ಜನ ಸುಮ್ಮನೆ ಇರಲಿಲ್ಲ, ಇದನ್ನೂ ನೆನಪಿಡಿ. ಕಳೆದ ಶತಮಾನದ ಆರಂಭದಲ್ಲೇ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಇತ್ತು. ಗಣಿಯಿಂದ ಮೇಲೆ ಬಂದವರು ಓದೋಕೆ, ವಾದ ಮಾಡೋಕೆ ಕೂರ್ತಿದ್ದರು. 1930ರಲ್ಲಿ ಬೆರಳಚ್ಚು ತೆಗೆದು ನೋಂದಣಿ ಮಾಡ್ತೀವಿ ಅಂತ ಕಂಪನಿ ಹೊರಟಾಗ, 'ನಾವೇನು ಕಳ್ಳರಾ?' ಅಂತ ಸಾವಿರಾರು ಜನ ಮುಷ್ಕರ ಹೂಡಿದರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಸತ್ತರು. ಬಾಬಾಸಾಹೇಬರು 1954ರಲ್ಲಿ ಅದೇ ನೆಲಕ್ಕೆ ಬಂದು ಹೋದರು.

1956ರಲ್ಲಿ ಮೈಸೂರು ಸರ್ಕಾರ ಗಣಿ ತಗೊಂತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು. ಬಿಳಿಯ ಹೋದ. ಬಕೆಟ್ಟು ಹೋಯ್ತಾ? ಇಲ್ಲ. ಕಾರ್ಮಿಕರ ಕಾಲೊನಿಗಳ ಒಣ ಪಾಯಿಖಾನೆಗಳಲ್ಲಿ ನಮ್ಮವರೇ ಮಲ ಬಾಚಿ ತಲೆ ಮೇಲೆ ಹೊರ್ತಿದ್ದರು, ಅದೂ 1990ರ ದಶಕದವರೆಗೆ. ಅಂಥ ಒಂದು ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಗಣಿಯ ಆಡಳಿತಕ್ಕೆ ಪತ್ರ ಬರೆದರು, ಪ್ರಧಾನಿಗೂ ಬರೆದರು. 1993ರಲ್ಲಿ ಮಲ ಹೊರುವುದನ್ನು ನಿಷೇಧಿಸುವ ಕಾಯ್ದೆ ಬಂತು. ಆಮೇಲೂ ಅಲ್ಲಿನ ಪಾಯಿಖಾನೆಗಳ ಫೋಟೋ ಪತ್ರಿಕೆಯಲ್ಲಿ ಬಂದು ಮರ್ಯಾದೆ ಹೋದಾಗಲೇ ಆಡಳಿತ ಎದ್ದದ್ದು. ಮೂರು ಕಿಲೋಮೀಟರ್ ಆಳಕ್ಕೆ ಯಂತ್ರ ಇಳಿಸೋ ತಂತ್ರಜ್ಞಾನ ಇತ್ತು. ಕಕ್ಕಸಿಗೆ ನೀರಿನ ಪೈಪು ಹಾಕೋ ಮನಸ್ಸು ಇರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಚಿನ್ನ ಊರು ಬಿಟ್ಟು ಹೋಗಿತ್ತು. ಊರಲ್ಲಿ ಉಳಿದದ್ದು ಕೋಟಿಗಟ್ಟಲೆ ಟನ್ ಸೈನೈಡ್ ಗುಡ್ಡ, ಗಾಳಿ ಬಂದರೆ ಮನೆಯೊಳಗೆ ಬರೋ ಅದರ ಧೂಳು, ಮತ್ತೆ ಬೆಳಗಿನ ಜಾವ ಬೆಂಗಳೂರಿನ ರೈಲು ಹತ್ತೋ ಮಕ್ಕಳು.

ಈಗ ಸಿಎಸ್‌ಆರ್ ಕಾನೂನಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ, 2014ರ ಏಪ್ರಿಲ್‌ನಿಂದ ಜಾರಿ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದರೆ ಆ ಕಲಂ ಕೇಳೋದು ಲಾಭ ಬಂದ ಮೇಲಿನ 2 ರೂಪಾಯಿಯ ಲೆಕ್ಕ. ಉಳಿದ 98 ರೂಪಾಯಿ ಹೇಗೆ ಬಂತು, ಯಾರ ಶ್ವಾಸಕೋಶದಿಂದ ಬಂತು ಅಂತ ಅದು ಕೇಳಲ್ಲ.

ಇನ್ನೊಂದು ಮಾತು. ಸ್ವಂತ ನೌಕರರಿಗೆ ಮಾತ್ರ ಅನುಕೂಲ ಆಗೋ ಖರ್ಚನ್ನ ಸಿಎಸ್‌ಆರ್ ಅಂತ ತೋರಿಸೋ ಹಾಗಿಲ್ಲ, ಅದೇ ನಿಯಮದಲ್ಲಿದೆ. ಯಾಕೆ ಹೇಳಿ? ಕೆಲಸದವರಿಗೆ ಕೊಡೋದು ದಾನ ಅಲ್ಲ, ಬಾಕಿ. ಕಾನೂನೇ ಎರಡು ಫೈಲು ಬೇರೆ ಮಾಡಿದೆ. ಒಂದು ಮಾಡಿ ಹಾರ ಹಾಕಿಸಿಕೊಳ್ಳೋದು ಅವರು, ನೋಡಿ ಚಪ್ಪಾಳೆ ಹೊಡೆಯೋದು ನಾವು.

ಆದ್ದರಿಂದ ನಿಮ್ಮೂರಿಗೆ ಫಿಲ್ಟರ್ ಬಂದರೆ ತಗೊಳ್ಳಿ, ಮಕ್ಕಳು ನೀರು ಕುಡಿಯಲಿ. ಆದರೆ ಅದೇ ವೇದಿಕೆಯಲ್ಲಿ ಮೈಕು ಸಿಕ್ಕರೆ ಮೂರು ಪ್ರಶ್ನೆ ಕೇಳಿ. ನಿಮ್ಮ ಕಕ್ಕಸು ತೊಳೆಯೋರಿಗೆ ಕನಿಷ್ಠ ಕೂಲಿ ಇದೆಯಾ? ಪಿಎಫ್ ನಂಬರ್ ಇದೆಯಾ? ನಿಮ್ಮ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ?

ಅಕ್ಕನ ಅರ್ಜಿ ನಾನೇ ಬರೆದು ಪಿಎಫ್ ಕಚೇರಿಗೆ ಕೊಟ್ಟು ಬಂದಿದೀನಿ, ಸ್ವೀಕೃತಿ ಮುದ್ರೆ ಹಾಕಿಸ್ಕೊಂಡೇ ಬಂದೆ. 'ಕೆಲಸ ಹೋದ್ರೆ?' ಅಂತ ಅವಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ನಿಮ್ಮ ಮನೆಯಲ್ಲೂ ಇಂಥ ಅಕ್ಕ ಇದ್ದರೆ ಸಂಬಳದ ಚೀಟಿ ಇಟ್ಕೊಂಡು ಬನ್ನಿ, ಅರ್ಜಿ ಬರೆದು ಕೊಡ್ತೀನಿ. ಒಬ್ಬಳೇ ಹೋದರೆ ದೂರು, ನಲವತ್ತು ಜನ ಹೋದರೆ ಚರಿತ್ರೆ.

ಜೈಭೀಮ್.